ಕೂರಬೇಕು ಅಂತ ವೈದ್ಯನಾದವನು

ಒಂದಾನೊಂದು ಊರಿನಲ್ಲಿ, ಊರು ಅಂದರೆ ಭಾರಿ ಊರೇನಲ್ಲ, ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯಲ್ಲಿದ್ದ ಮುದುಕಿ ‘ನೂರು ವರ್ಷ ಬಾಳಪ್ಪ’ ಅನ್ನುವಷ್ಟು ಊರು, ಅಂಥಾ ಊರಿನಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜ ಇದ್ದ. ಅವನಿಗೆ ಎಲ್ಲದರ ಮೇಲೂ ಅನುಮಾನ. ಅನ್ನದಲ್ಲಿ ಕಲ್ಲು ಸಿಕ್ಕರೆ ‘ಯಾರು ಹಾಕಿದ್ದು?’ ಅನ್ನುತ್ತಿದ್ದ. ಕಲ್ಲು ಸಿಗದಿದ್ದರೆ ‘ಯಾರು ತೆಗೆದಿದ್ದು? ಯಾಕೆ ತೆಗೆದಿದ್ದು?’ ಅನ್ನುತ್ತಿದ್ದ. ಹುಣ್ಣಿಮೆ ಚಂದ್ರನನ್ನು ನೋಡಿ, ‘ಮೊನ್ನೆ ಇಷ್ಟು ದಪ್ಪ ಇರಲಿಲ್ಲ, ಏನು ತಿಂದ, ಯಾರ ಮನೆಯದು ತಿಂದ?’ ಅಂತ ಮಂತ್ರಿಯನ್ನು ಮೂರು ದಿನ ವಿಚಾರಣೆ ಮಾಡಿದ್ದ.

ಆ ರಾಜನ ಸಭೆಗೆ ಒಂದು ಬಾಗಿಲು. ಹಳೇ ಹುಣಸೆಮರದ ಬಾಗಿಲು. ಅದಕ್ಕೆ ಮಾತು ಬರುತ್ತಿತ್ತು, ಆದರೆ ಮಾತಿಗಿಂತ ಅದರ ಕೀಲಿನ ಸದ್ದಿಗೇ ಜನ ಹೆದರುತ್ತಿದ್ದರು. ಯಾರಾದರೂ ಅದರ ಎದುರಿಗೆ ಸುಳ್ಳು ಹೇಳಿದರೆ ಸಾಕು, ‘ಕಿರ್‍ರ್’ ಅನ್ನುತ್ತಿತ್ತು. ಸಣ್ಣ ಸುಳ್ಳಿಗೆ ಸಣ್ಣ ಕಿರ್. ದೊಡ್ಡ ಸುಳ್ಳಿಗೆ ಹಲ್ಲು ಜುಮ್ಮೆನ್ನುವ ಕಿರ್.

ಆ ಬಾಗಿಲ ಪಕ್ಕ ಒಬ್ಬ ಕಾವಲುಗಾರ ಇಪ್ಪತ್ತೆರಡು ವರ್ಷದಿಂದ ನಿಂತಿದ್ದ. ಅವನ ಹೆಸರು ಈರಬಡಪ್ಪ. ಆದರೆ ಆ ಹೆಸರು ಅವನ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಅವಳೂ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ರಾಜ ಅವನನ್ನು ‘ಏ ಬಾಗಿಲು’ ಅಂತ ಕರೆಯುತ್ತಿದ್ದ. ಕರೆದಾಗ ಇಬ್ಬರೂ ‘ಬುದ್ಧೀ’ ಅನ್ನುತ್ತಿದ್ದರು.

ಆ ಸಭೆಯಲ್ಲಿ ಒಂದು ಕಟ್ಟಳೆ. ರಾಜನ ಎದುರು ಯಾರೂ ಕೂರಬಾರದು. ಕೂತವನ ತಲೆಯಲ್ಲಿ ಏನು ಓಡುತ್ತದೋ ಯಾರಿಗೆ ಗೊತ್ತು? ಮಂತ್ರಿ ನಿಲ್ಲಬೇಕು, ರಾಣಿ ನಿಲ್ಲಬೇಕು, ಬೆಕ್ಕು ಬಂದರೆ ಬೆಕ್ಕೂ ನಿಲ್ಲಬೇಕು. ವೈದ್ಯನಿಗೆ ಮಾತ್ರ ಬಿಟ್ಟಿದ್ದರು. ಯಾಕಂದರೆ ನಾಡಿ ನೋಡಬೇಕಾದರೆ ಕೂರಲೇಬೇಕು. ಅದಕ್ಕೆಂದೇ ಸಿಂಹಾಸನದ ಪಕ್ಕ ಒಂದು ಹಲಸಿನ ಮಣೆ ಇತ್ತು. ದಿನಾ ಬೆಳಿಗ್ಗೆ ಆಸ್ಥಾನದ ಪಂಡಿತ ಬರುತ್ತಿದ್ದ, ಪಂಚೆ ಸರಿಮಾಡಿಕೊಂಡು ಮಣೆಯ ಮೇಲೆ ಕೂರುತ್ತಿದ್ದ, ಗಟ್ಟಿಮುಟ್ಟಾಗಿದ್ದ ರಾಜನ ಕೈ ಹಿಡಿದು ‘ಹೂಂ’ ಅನ್ನುತ್ತಿದ್ದ. ಊಟದ ಹೊತ್ತಿನವರೆಗೂ ‘ಹೂಂ’ ಅನ್ನುತ್ತಿದ್ದ.

ಈರಬಡಪ್ಪನ ಕಾಲು ಕಂಬವಾಗಿದ್ದವು. ಕಂಬ ಅಂದರೆ ಮಾತಿಗಲ್ಲ, ಒಂದು ಸಲ ಯಾರೋ ಅವನ ಕಾಲಿಗೆ ಕುದುರೆ ಕಟ್ಟಿ ಹೋಗಿದ್ದರು. ಅವನು ಆ ಮಣೆಯನ್ನೇ ನೋಡುತ್ತಿದ್ದ. ಬೇರೆಯವರು ಸ್ವರ್ಗವನ್ನು ಹೆಂಗೆ ನೆನೆಯುತ್ತಾರೋ ಹಂಗೆ ಅದನ್ನು ನೆನೆಯುತ್ತಿದ್ದ.

ಒಂದು ದಿನ ಅವನಿಗೆ ಹೀಗೊಂದು ಯೋಚನೆ ಬಂತು. ‘ಈ ರಾಜನಿಗೆ ಏನಾದರೂ ಸಣ್ಣದೊಂದು ಕಾಯಿಲೆ ಬರಬೇಕು. ಸಾಯುವಂಥದ್ದು ಬೇಡ, ಪಾಪ. ಪಂಡಿತನ ಕೈಲಿ ಅದು ವಾಸಿಯಾಗಬಾರದು. ನಾನು ವಾಸಿ ಮಾಡಬೇಕು. ಆಮೇಲೆ ಆ ಮಣೆ ನನ್ನದು.’

ಅವನು ಅಷ್ಟು ಅಂದುಕೊಂಡಿದ್ದೇ ತಡ, ಸಿಂಹಾಸನದ ಮೇಲಿಂದ ಕೇಳಿಸಿತು: ‘ಬಿಕ್!’

ರಾಜನಿಗೆ ಬಿಕ್ಕಳಿಕೆ.

ಬಿಕ್ಕಳಿಕೆ ಬಂದರೆ ಏನು ಅರ್ಥ? ನಿಮ್ಮನೆಯಲ್ಲೂ ಹೇಳುತ್ತಾರಲ್ಲ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ. ಒಬ್ಬೊಬ್ಬರ ಹೆಸರಾಗಿ ಹೇಳುತ್ತಾ ಹೋಗಬೇಕು. ನೆನೆಸಿಕೊಂಡವರ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಂತುಬಿಡುತ್ತದೆ. ಬೇರೆಯವರಿಗೆ ಇದು ಸಂತೋಷದ ವಿಷಯ. ಉದ್ದಂಡರಾಯನಿಗೆ ಮಾತ್ರ ಮೈಯೆಲ್ಲ ಬೆವರಿತು.

‘ಯಾರು ನನ್ನನ್ನು ನೆನೆಸಿಕೊಳ್ಳುತ್ತಿರೋದು? ಯಾಕೆ? ಬಿಕ್! ಏನು ಲಾಭ ಅವನಿಗೆ?’

ರಾಣಿಯ ಹೆಸರು ಹೇಳಿದ. ಬಿಕ್! ರಾಣಿಗೆ ಸಿಟ್ಟು ಬಂತು, ಅದು ಬೇರೆ ಮಾತು. ಮಂತ್ರಿಯ ಹೆಸರು ಹೇಳಿದ. ಬಿಕ್! ಪಕ್ಕದ ರಾಜ್ಯದ ರಾಜ, ಸತ್ತ ಅಜ್ಜಿ, ಮಾರಿಹೋದ ಕುದುರೆ, ಎಲ್ಲರ ಹೆಸರೂ ಹೇಳಿದ. ಬಿಕ್, ಬಿಕ್, ಬಿಕ್! ಪಂಡಿತ ಶುಂಠಿ ಕೊಟ್ಟ, ಬೆಲ್ಲ ಕೊಟ್ಟ, ಮೂಗು ಹಿಡಿದು ನೀರು ಕುಡಿಸಿದ. ರಾಜ ಪಂಡಿತನ ಹೆಸರನ್ನೂ ಹೇಳಿ ನೋಡಿದ. ಬಿಕ್!

‘ದಿನಾ ನನ್ನ ಕೈ ಹಿಡಿದುಕೊಂಡು ಕೂತಿದ್ದವನು ನನ್ನನ್ನು ನೆನೆಸಿಕೊಳ್ಳುತ್ತಲೇ ಇರಲಿಲ್ಲವಾ? ಹಂಗಾದರೆ ಏನು ನೆನೆಸಿಕೊಳ್ಳುತ್ತಿದ್ದೆಯೋ?’ ಅಂತ ಅವನನ್ನು ಓಡಿಸಿಬಿಟ್ಟ.

ಮಣೆ ಖಾಲಿಯಾಯಿತು.

ಡಂಗುರ ಹೊಡೆಸಿದರು. ‘ರಾಜರ ಬಿಕ್ಕಳಿಕೆ ನಿಲ್ಲಿಸಿದವರಿಗೆ ಹಲಸಿನ ಮಣೆ! ರಾಜರ ಪಕ್ಕದಲ್ಲೇ ಮಣೆ!’

ಮಾರನೇ ದಿನ ಬೆಳಿಗ್ಗೆ ಊರಿಗೆ ಊರೇ ವೈದ್ಯರಾಗಿಬಿಟ್ಟಿತು. ಹೊಲ ಉಳುವವನು ನೇಗಿಲು ಬಿಟ್ಟ, ಮಗ್ಗದವನು ಲಾಳಿ ಬಿಟ್ಟ. ಯಾರ ಬಗಲಲ್ಲಿ ನೋಡಿದರೂ ಬೇರಿನ ಗಂಟು. ರೋಗಿ ಮಾತ್ರ ಇಲ್ಲ. ಇಡೀ ಊರಿಗೆ ಒಬ್ಬನೇ ರೋಗಿ ಉಳಿದಿದ್ದ, ಕೆಂಚಯ್ಯ ಅಂತ. ಅವನ ಬೆನ್ನ ಮೇಲೆ ಒಂದು ಕುರು ಎದ್ದಿತ್ತು. ಅವನನ್ನು ಪಲ್ಲಕ್ಕಿಯಲ್ಲಿ ಬೋರಲು ಮಲಗಿಸಿಕೊಂಡು, ‘ನಮ್ಮ ಮನೆಗೆ ಬಾರಪ್ಪ, ನಮ್ಮ ಮನೆಗೆ ಬಾರಪ್ಪ’ ಅಂತ ಎಳೆದಾಡುತ್ತಿದ್ದರು. ಕೆಂಚಯ್ಯನಿಗೆ ಎಲ್ಲಿ ಕುರು ವಾಸಿಯಾಗಿಬಿಡುತ್ತದೋ ಅಂತ ಒಂದೇ ಚಿಂತೆ.

ಈಗ ಲೆಕ್ಕ ನೋಡಿ. ವೈದ್ಯರಾದವರೆಲ್ಲ ಏನು ಮಾಡುತ್ತಾರೆ? ರಾಜನನ್ನು ನೆನೆಸಿಕೊಳ್ಳುತ್ತಾರೆ. ನೆನೆಸಿಕೊಂಡರೆ ಏನಾಗುತ್ತದೆ? ಬಿಕ್ಕಳಿಕೆ ಜಾಸ್ತಿಯಾಗುತ್ತದೆ. ಬಿಕ್ಕಳಿಕೆ ಜಾಸ್ತಿಯಾದರೆ ಇನ್ನಷ್ಟು ಜನ ವೈದ್ಯರಾಗುತ್ತಾರೆ. ಮೊದಲು ಒಂದು ಬಿಕ್ಕಿಗೆ ಕಿರೀಟ ಮಾತ್ರ ಹಾರುತ್ತಿತ್ತು. ಈಗ ಒಂದೊಂದು ಬಿಕ್ಕಿಗೂ ಸಿಂಹಾಸನವೇ ಒಂದೊಂದು ಗೇಣು ಮುಂದಕ್ಕೆ ಕುಪ್ಪಳಿಸತೊಡಗಿತು. ಕುಪ್ಪಳಿಸುತ್ತಾ ಕುಪ್ಪಳಿಸುತ್ತಾ ಬಾಗಿಲ ಕಡೆಗೇ ಬರುತ್ತಿತ್ತು. ಸೇವಕರು ಮಣೆಯನ್ನೂ ಅದರ ಹಿಂದೆಯೇ ತಂದಿಡುತ್ತಿದ್ದರು.

ರಾಜ ಕೂಗಿದ. ‘ಏ ಬಾಗಿಲು!’

‘ಬುದ್ಧೀ’ ಅಂದರು ಇಬ್ಬರೂ.

‘ಒಳಗೆ ಬರೋ ಒಬ್ಬೊಬ್ಬನನ್ನೂ ಕೇಳಬೇಕು, ಯಾಕೆ ವೈದ್ಯನಾದೆ ಅಂತ. ನೆಟ್ಟಗೆ ಉತ್ತರ ಕೊಟ್ಟವನನ್ನ ಮಾತ್ರ ಒಳಗೆ ಬಿಡು. ಇನ್ನೊಂದು. ಯಾವನ ಹೆಸರಿಗೆ ನನ್ನ ಬಿಕ್ಕಳಿಕೆ ನಿಲ್ಲುತ್ತದೋ, ಬಿಕ್! ಅವನೇ ಇದನ್ನ ಶುರುಮಾಡಿದವನು. ಅವನ ತಲೆ ತೆಗೀಬೇಕು.’

ಈರಬಡಪ್ಪನಿಗೆ ಆಗ ಹೊಳೆಯಿತು, ಶುರುಮಾಡಿದವನು ತಾನೇ ಇರಬಹುದು ಅಂತ. ಅಲ್ಲಿವರೆಗೆ ಊರಿನ ಎಲ್ಲರ ಮೇಲೂ ಅನುಮಾನಪಟ್ಟಿದ್ದ ಅವನು ತನ್ನ ಮೇಲೆ ಮಾತ್ರ ಪಟ್ಟಿರಲಿಲ್ಲ. ಈಗ ಮಣೆಯನ್ನು ಒಂದು ಸಲ ನೆನೆಸಿಕೊಂಡು ನೋಡಿದ. ಬಿಕ್! ನೆನೆಸಿಕೊಳ್ಳಬಾರದು ಅಂತ ಅಂದುಕೊಂಡ. ಬಿಕ್! ರಾಜನನ್ನು ನೆನೆಸಿಕೊಳ್ಳಲೇಬಾರದು, ರಾಜನನ್ನು ನೆನೆಸಿಕೊಳ್ಳಲೇಬಾರದು ಅಂತ ನೂರು ಸಲ ಅಂದುಕೊಂಡ. ಸಿಂಹಾಸನ ನೂರು ಗೇಣು ಮುಂದೆ ಬಂತು.

‘ಬಾಗಿಲಣ್ಣ’ ಅಂತ ಪಿಸುಗುಟ್ಟಿದ, ‘ನಿನಗೇನಾದರೂ ಗೊತ್ತಾ?’

‘ನಂಗೇನು ಗೊತ್ತಪ್ಪ’ ಅಂದಿತು ಬಾಗಿಲು. ತನ್ನ ಮಾತಿಗೆ ತಾನೇ ‘ಕಿರ್‍ರ್’ ಅಂದಿತು.

ಆದರೂ ಕೆಲಸ ಕೆಲಸವೇ. ಮೊದಲು ಸುಣ್ಣ ಮಾರುವ ಸಂಗಪ್ಪ ಬಂದ.

‘ಯಾಕೆ ವೈದ್ಯನಾದೆ?’

‘ಜನಸೇವೆಗೆ.’

ಕಿರ್‍ರ್!

‘ಸಂಗಪ್ಪಣ್ಣ, ಸರಿಯಾಗಿ ಹೇಳು.’

‘ಹೆಣ್ಣು ಕೊಡ್ತಾರೆ ಕಣಯ್ಯ’ ಅಂದ ಸಂಗಪ್ಪ. ‘ಸುಣ್ಣದವನು ಅಂದ್ರೆ ಹೆಣ್ಣಿನ ಅಪ್ಪ ಬಾಯೇ ಬಿಡಲ್ಲ. ವೈದ್ಯ ಅಂದ್ರೆ ಬಾಯಿ ಬಿಡ್ತಾನೆ. ಆಗ ನಾನು “ಇನ್ನೂ ಸ್ವಲ್ಪ ಅಗಲ ಮಾಡಿ ಮಾವ” ಅಂತೀನಿ.’

ಆಮೇಲೆ ಗೌಡರ ಮಗ ಬಂದ. ‘ಜನಸೇವೆ’ ಅಂದ. ಕಿರ್‍ರ್ ಅಂದಿತು. ‘ಪಕ್ಕದ ಮನೆಯವರ ಮಗ ವೈದ್ಯನಾದ. ಅವತ್ತಿಂದ ನಮ್ಮವ್ವನಿಗೆ ಹೊಟ್ಟೆಉರಿ. ಅದಕ್ಕೆ ಮದ್ದು ಅಂದ್ರೆ ನಾನೂ ವೈದ್ಯನಾಗೋದೊಂದೇ. ನನಗೆ ರಕ್ತ ನೋಡಿದ್ರೆ ತಲೆ ತಿರುಗುತ್ತೆ ಕಣಣ್ಣ’ ಅಂತ ಅಳುವುದಕ್ಕೇ ಶುರುಮಾಡಿದ.

ಮಠದ ಅಯ್ಯನೋರು ಬಂದರು, ಮಕ್ಕಳಿಗೆ ಅಕ್ಷರ ಕಲಿಸುವವರು. ಅವರದೂ ಜನಸೇವೆಯೇ. ಬಾಗಿಲು ಕಿರುಗುಟ್ಟಿದ ಮೇಲೆ ಹೇಳಿದರು, ‘ಮೂವತ್ತು ವರ್ಷದಿಂದ ಈ ಊರಿನವರು ನನ್ನ ಬೆನ್ನ ಹಿಂದೆ ನಾಲಿಗೆ ಚಾಚಿದಾರೆ. ವೈದ್ಯನಾದ್ರೆ ನನ್ನ ಎದುರಿಗೇ ಚಾಚಬೇಕು. ನಾನು ಹೇಳೋವರೆಗೂ ಒಳಗೆ ಎಳಕೊಳ್ಳೋ ಹಂಗಿಲ್ಲ.’

ಅಡುಗೆಯ ಮಾರಕ್ಕನಂತೂ ಜನಸೇವೆ ಅನ್ನುವಷ್ಟರಲ್ಲೇ ಬಾಗಿಲು ಕಿರುಗುಟ್ಟಿತು. ‘ಸಾಕು ಬಿಡಪ್ಪ’ ಅಂದಳು. ‘ನಾನು ಸಾರಿಗೆ ಉಪ್ಪು ಮರೆತ್ರೆ ತಟ್ಟೆ ಎಸೀತಾರೆ. ವೈದ್ಯ ಆಗಿ ಅದನ್ನೇ ಪಥ್ಯ ಅಂದ್ರೆ ಕೈ ಮುಗಿದು ತಿಂತಾರೆ. ಯಾಕಾಗಬಾರದು?’

ಹಿಂಗೇ ಬರುತ್ತಿದ್ದರು. ಎಲ್ಲರದೂ ಒಂದೇ ಮಾತು, ಎಲ್ಲರ ಮಾತಿಗೂ ಒಂದೇ ಕಿರ್. ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ರಾಜ ಬಾಗಿಲಾಚೆ ನಿಂತ ಒಬ್ಬೊಬ್ಬರ ಹೆಸರನ್ನೂ ಹೇಳಿ ನೋಡುತ್ತಿದ್ದ. ಸಂಗಪ್ಪ, ಬಿಕ್! ಮಾರಕ್ಕ, ಬಿಕ್! ಈರಬಡಪ್ಪ ಮಾತ್ರ, ದೇವರೇ, ಇವರಲ್ಲಿ ಯಾರ ಹೆಸರಿಗಾದರೂ ನಿಲ್ಲಲಿ ಅಂತ ಬೇಡಿಕೊಳ್ಳುತ್ತಿದ್ದ. ಹಂಗೆ ಬೇಡಿಕೊಳ್ಳುವುದೂ ರಾಜನನ್ನು ನೆನೆಸಿಕೊಂಡಂತೆಯೇ ಅಲ್ಲವೇ? ಬಿಕ್!

ಊರಿನ ಹೆಸರೆಲ್ಲ ಮುಗಿದವು. ಸಿಂಹಾಸನ ಕುಪ್ಪಳಿಸಿ ಕುಪ್ಪಳಿಸಿ ಬಾಗಿಲಿಗೇ ಬಂದು ತಾಗಿತು. ರಾಜನ ಮೊಣಕಾಲಿಗೆ ಈರಬಡಪ್ಪನ ಮೊಣಕಾಲು. ರಾಜನ ಕಣ್ಣು ಗುಂಡಿ ಬಿದ್ದಿದ್ದವು, ತುಟಿ ನೀಲಿಯಾಗಿತ್ತು.

ಆ ಹೊತ್ತಿಗೆ ಒಬ್ಬಳು ಮುದುಕಿ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದಳು. ಸೂಲಗಿತ್ತಿ ಓಬಕ್ಕ. ಊರಿನ ಎಲ್ಲರ ಹೊಕ್ಕುಳಬಳ್ಳಿ ಕೊಯ್ದವಳು.

‘ಏನ್ರೋ ಇದು ಸಾಲು? ಅಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ, ನೀರು ಕಾಯಿಸೋಕೆ ಒಂದು ನರಪಿಳ್ಳೆ ಇಲ್ಲ! ಎಲ್ಲಾ ವೈದ್ಯರಂತೆ, ವೈದ್ಯರು!’

ಈರಬಡಪ್ಪ ಅಡ್ಡ ನಿಂತ. ‘ಓಬಕ್ಕ, ಕಟ್ಟಳೆ ಇದೆ. ನೀನು ಯಾಕೆ ಈ ಕಸುಬಿಗೆ ಬಂದೆ ಅಂತ ಹೇಳಬೇಕು.’

‘ಯಾಕೆ ಅಂದ್ರೆ? ಬಾಣಂತಿ ಮನೇಲಿ ಬಿಸಿ ಅನ್ನಕ್ಕೆ ತುಪ್ಪ ಸುರೀತಾರೆ. ಇನ್ನೊಂದು, ಕೂಸಿನ ಮೂಗು ಯಾರ ಥರ ಇದೆ ಅಂತ ಊರಿಗೆಲ್ಲ ಮೊದಲು ನಾನೇ ನೋಡಬೇಕು. ಅದಿಲ್ಲದಿದ್ರೆ ನಂಗೆ ನಿದ್ದೆ ಬರಲ್ಲ. ಸಾಕಾ?’

ಎಲ್ಲರೂ ಬಾಗಿಲನ್ನು ನೋಡಿದರು. ಬಾಗಿಲು ಸುಮ್ಮನಿತ್ತು. ಬೆಣ್ಣೆಯಲ್ಲಿ ಕೂತಂತೆ ಸುಮ್ಮನಿತ್ತು.

ಓಬಕ್ಕ ರಾಜನನ್ನು ಮೇಲಿಂದ ಕೆಳಗೆ ನೋಡಿದಳು. ‘ಇಷ್ಟೇನಾ? ಬಿಕ್ಕಳಿಕೆನಾ? ಎಲ್ಲರ ಹೆಸರೂ ಹೇಳಿದ್ರಾ ಬುದ್ಧಿ?’

‘ಎಲ್ಲರದೂ. ಬಿಕ್!’

‘ಈ ಬಾಗಿಲಲ್ಲಿ ನಿಂತಿದಾನಲ್ಲ, ಇವನದ್ದು?’

‘ಅದು ಬಾಗಿಲು.’

‘ಬಾಗಿಲಿಗೆ ಎಲ್ಲಾದ್ರೂ ಮೀಸೆ ಇರುತ್ತಾ ಬುದ್ಧಿ? ಏನಪ್ಪ ನಿನ್ನ ಹೆಸರು?’

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಮಾತು. ನಿಜ ಹೇಳಿದರೆ ತಲೆ ಹೋಗುತ್ತದೆ. ಸುಳ್ಳು ಹೇಳಿದರೆ ಬಾಗಿಲು ಕಿರುಗುಟ್ಟುತ್ತದೆ. ಸುಮ್ಮನಿದ್ದರೆ ರಾಜ ಕಣ್ಣೆದುರಿಗೇ ಹೋಗುತ್ತಾನೆ, ಆಮೇಲೆ ಯಾರು ಯಾರಿಗೆ ಮಣೆ ಕೊಡೋದು?

‘ಈರಬಡಪ್ಪ’ ಅಂದ, ಮೆಲ್ಲಗೆ.

‘ಈರಬಡಪ್ಪ?’ ಅಂದ ರಾಜ.

ಎಲ್ಲರೂ ಉಸಿರು ಬಿಗಿಹಿಡಿದರು. ಬಿಕ್ ಇಲ್ಲ. ಇನ್ನೂ ಸ್ವಲ್ಪ ಕಾದರು. ಇಲ್ಲವೇ ಇಲ್ಲ.

ರಾಜ ನೀಳವಾಗಿ ಒಂದು ಉಸಿರು ಬಿಟ್ಟ. ಆಮೇಲೆ ಹೇಳಿದ, ‘ಇವನ ತಲೆ ತೆಗೀರಿ.’

ತಲೆ ತೆಗೆಯುವ ಗಿಡ್ಡಯ್ಯ ಬಂದ. ಹೆಸರಿಗೆ ತಕ್ಕ ಹಾಗೆ ಮೂರು ಅಡಿ ಆಳು. ಕತ್ತಿ ಎತ್ತಿದ. ಅದು ಈರಬಡಪ್ಪನ ಸೊಂಟಕ್ಕೆ ಬಂತು. ಹಾರಿ ನೋಡಿದ. ಎದೆಗೆ ಬಂತು.

‘ಕೂರಿಸಬೇಕು ಬುದ್ಧಿ’ ಅಂದ. ‘ತಲೆ ತೆಗೀಬೇಕಾದವರನ್ನ ಕೂರಿಸೋದೇ ನಮ್ಮ ಪದ್ಧತಿ.’

‘ನನ್ನ ಎದುರು ಕೂರೋ ಹಂಗಿಲ್ಲ.’

‘ಆಚೆ ಕರಕೊಂಡು ಹೋಗಿ ತೆಗೀಲಾ?’

‘ನನ್ನ ಕಣ್ಣಿಗೆ ಕಾಣದೆ ನೀನು ತೆಗೆದೆ ಅಂತ ನಾನು ಹೆಂಗೆ ನಂಬಲಿ?’

‘ಹಂಗಾದ್ರೆ ನೀನೇ ಆ ಮಣೆ ಮೇಲೆ ಹತ್ತಿ ನಿಂತ್ಕೊಳೋ ಗಿಡ್ಡಯ್ಯ’ ಅಂದ ಮಂತ್ರಿ.

ಗಿಡ್ಡಯ್ಯ ಹಿಂದಕ್ಕೆ ಸರಿದ. ‘ಬೇಡಪ್ಪ! ಅದು ವೈದ್ಯರ ಮಣೆ. ಹತ್ತಿದ್ರೆ ನಾನೂ ವೈದ್ಯನಾಗಿಬಿಡ್ತೀನಿ. ನಂಗೆ ನನ್ನ ಕಸುಬೇ ಸಾಕು. ನನ್ನ ಹತ್ರ ಬಂದವರು ಒಬ್ಬರೂ ತಿರುಗಿ ಬಂದು, ಗುಣವಾಗಲಿಲ್ಲ ಅಂತ ಬೈದಿಲ್ಲ.’

ಓಬಕ್ಕನಿಗೆ ಹೊತ್ತಾಗುತ್ತಿತ್ತು. ‘ಅಯ್ಯೋ, ಇದಕ್ಕೆ ಯಾಕೆ ಇಷ್ಟೊಂದು? ಅವನನ್ನೇ ವೈದ್ಯ ಮಾಡಿ ಬುದ್ಧಿ. ಕೂತ್ಕೊತಾನೆ.’

ರಾಜನಿಗೆ ಇದರಲ್ಲಿ ಅನುಮಾನಕ್ಕೆ ಏನೂ ಸಿಗಲಿಲ್ಲ. ‘ಈರಬಡಪ್ಪ, ಇವತ್ತಿಂದ ನೀನು ಆಸ್ಥಾನದ ವೈದ್ಯ. ಕೂತ್ಕೊ.’

ಈರಬಡಪ್ಪ ಕೂತ.

ಅಯ್ಯೋ, ಆ ಸುಖ ಹೆಂಗೆ ಹೇಳಲಿ! ಮೊದಲು ಒಂದು ಮೊಣಕಾಲು ಲಟಕ್ ಅಂದಿತು, ಆಮೇಲೆ ಇನ್ನೊಂದು. ಇಪ್ಪತ್ತೆರಡು ವರ್ಷದ ನಿಲುವು ಅಂಗಾಲಿನಿಂದ ಇಳಿದು ನೆಲಕ್ಕೆ ಹೋಯಿತು. ಕಣ್ಣಲ್ಲಿ ನೀರು ಬಂತು. ತಲೆ ಹೋಗುವುದು ಒಂದು ಕಡೆ ಇರಲಿ, ಕೂತಿದ್ದಾನಲ್ಲ!

‘ಈಗ ತೆಗಿ’ ಅಂದ ರಾಜ.

‘ತೆಗೀಲಿ’ ಅಂದಳು ಓಬಕ್ಕ. ‘ಬಿಕ್ಕಳಿಕೆ ನಿಲ್ಲಿಸಿದ ವೈದ್ಯನನ್ನೇ ತೆಗೆದ ರಾಜ ಅಂತ ಹೆಸರಾಗ್ಲಿ. ಆಮೇಲೆ ಮುಂಡ ಇಲ್ಲದ ತಲೆ ನಿಮ್ಮನ್ನ ನೆನೆಸ್ಕೊಂಡ್ರೆ, ತಲೆ ಇಲ್ಲದ ಮುಂಡನೂ ಬೇರೆ ನೆನೆಸ್ಕೊಂಡ್ರೆ, ಎರಡೆರಡು ಬಿಕ್ಕಳಿಕೆ. ತಲೆ ಹೆಸರು ಹೇಳ್ತೀರೋ, ಮುಂಡದ ಹೆಸರು ಹೇಳ್ತೀರೋ? ನಾನು ಬರ್ತೀನಿ, ಅಲ್ಲಿ ಕೂಸಿನ ಮೂಗು ಕಾಯ್ತಿದೆ.’ ಹಿಂದಕ್ಕೂ ನೋಡದೆ ಹೋದಳು.

ರಾಜ ಗಂಟಲು ಮುಟ್ಟಿ ನೋಡಿಕೊಂಡ. ಗಿಡ್ಡಯ್ಯನಿಗೆ ಕಣ್ಸನ್ನೆ ಮಾಡಿದ. ಕತ್ತಿ ಒರೆಗೆ ಹೋಯಿತು.

ಮಣೆ ತುಂಬಿತು ಅಂತ ಗೊತ್ತಾದದ್ದೇ ಊರಿನ ವೈದ್ಯರೆಲ್ಲ ಬೇರಿನ ಗಂಟು ಬಿಸಾಡಿ ಮನೆಗೆ ಹೋದರು. ಕೆಂಚಯ್ಯನನ್ನು ಕೇಳುವವರು ಯಾರೂ ಇಲ್ಲದೆ ಅವನ ಕುರು ಬೇಜಾರಾಗಿ ತಾನೇ ಒಡೆದು ವಾಸಿಯಾಯಿತು.

ರಾಜ ಮಾತ್ರ ಮಣೆಯನ್ನೇ ನೋಡುತ್ತಿದ್ದ. ಅವನಿಗೆ ಒಂದು ಅನುಮಾನ ಉಳಿದಿತ್ತು.

‘ಎಲ್ಲರನ್ನೂ ಕೇಳಿದೆ. ನಿನ್ನನ್ನ ಯಾರೂ ಕೇಳಲಿಲ್ಲ. ಈರಬಡಪ್ಪ, ನೀನು ಯಾಕೆ ವೈದ್ಯನಾದೆ?’

ನಿಂತಿದ್ದಾಗ ಒಂದೂ ಸುಳ್ಳು ಹೇಳದವನು ಈರಬಡಪ್ಪ. ಈಗ ಏನಾಯಿತೋ, ಮಣೆಯ ಗುಣವೋ ಏನೋ, ಮಾತು ಕೆಳಗಿನಿಂದ ತಾನಾಗೇ ಹತ್ತಿ ಬಂತು.

‘ಜನಸೇವೆಗೆ ಬುದ್ಧಿ.’

ಬಾಗಿಲು ಕಿರುಗುಟ್ಟಿತು ನೋಡಿ! ಅಂಥಾ ಕಿರ್ ಹಿಂದೆ ಇರಲಿಲ್ಲ, ಮುಂದೆ ಬರಲಿಲ್ಲ. ಮರದ ಮೇಲಿನ ಕಾಗೆಗಳು ಎದ್ದವು.

‘ಯಾಕದು ಕಿರ್ ಅಂದಿದ್ದು?’ ಅಂದ ರಾಜ, ಕಣ್ಣು ಕಿರಿದು ಮಾಡಿ.

ಈರಬಡಪ್ಪ ಬಾಗಿಲ ಕೀಲಿಗೆ ಎರಡು ಬೆರಳು ಇಟ್ಟ. ‘ಹೂಂ’ ಅಂದ. ‘ಪಾಪ, ನಿಂತೂ ನಿಂತೂ ಕೀಲುನೋವು ಬುದ್ಧಿ. ನನಗೆ ಗೊತ್ತು ಈ ಸಂಕಟ. ಸ್ವಲ್ಪ ಹರಳೆಣ್ಣೆ ತರಿಸಿ.’

‘ಈರಬಡಪ್ಪ, ಬೇಡ ಕಣೋ’ ಅಂದಿತು ಬಾಗಿಲು.

ವೈದ್ಯನ ಮಾತಲ್ಲವೇ, ರಾಜ ಎಣ್ಣೆ ತರಿಸಿಯೇಬಿಟ್ಟ. ಈರಬಡಪ್ಪ ಒಂದು ಸೌಟು ಹರಳೆಣ್ಣೆ ಕೀಲಿಗೆ ಹೊಯ್ದ. ಅದೇ ಅವನ ಮೊದಲನೇ ರೋಗಿ. ಒಂದೇ ಸಲಕ್ಕೆ ಗುಣವಾಯಿತು. ಆ ಬಾಗಿಲು ಆಮೇಲೆ ಸದ್ದೂ ಮಾಡಲಿಲ್ಲ, ಮಾತೂ ಆಡಲಿಲ್ಲ.

ಅದಕ್ಕೇ ಅಪ್ಪಗಳಿರಾ, ಅವ್ವಗಳಿರಾ, ವೈದ್ಯರ ಮನೆಗೆ ಹೋದಾಗ ಅವರು ನಿಮ್ಮ ನಾಡಿ ಹಿಡಿಯುವ ಮುಂಚೆ ನೀವು ಅವರ ಬಾಗಿಲ ಕೀಲು ಮುಟ್ಟಿ ನೋಡಿ. ಬೆರಳಿಗೆ ಎಣ್ಣೆ ಹತ್ತಿದರೆ ಏನೂ ಅನ್ನಬೇಡಿ, ನಾಲಿಗೆ ಚಾಚಿ, ಮದ್ದು ಇಸಕೊಂಡು ಬನ್ನಿ. ಮದ್ದೇನೋ ಕೆಲಸ ಮಾಡುತ್ತದೆ.

ನಾನು ಯಾಕೆ ಈ ಕತೆ ಹೇಳಿದೆ ಅಂತೀರಾ? ನಿಮ್ಮ ಒಳ್ಳೇದಕ್ಕೆ. ಏ, ಯಾರಲ್ಲಿ, ಆ ಬಾಗಿಲು ಅಲ್ಲಾಡಿಸಬೇಡಿ!