ದಿನ ಗೊತ್ತಿಲ್ಲದ ಗೃಹಪ್ರವೇಶ

ಸರ್ಕಾರದ ಅಗ್ಗದ ಬಾಡಿಗೆ ಮನೆಗಳ ಸರದಿಯಲ್ಲಿ ಇಸ್ತ್ರಿ ಗಾಡಿಯ ತಿಪ್ಪಯ್ಯನ ಹೆಸರು ಕೊನೆಗೂ ಮೊದಲಿಗೆ ಬಂದಿತ್ತು. ಮನೆಗಳೂ ಸಿದ್ಧವಾಗಿದ್ದವು. ಆದರೆ ಉದ್ಘಾಟನೆಗೆ ಯಾರಾದರೂ ದೊಡ್ಡವರು ಸಿಗುವತನಕ ಬೀಗ ತೆಗೆಯುವುದಿಲ್ಲವೆಂದು ವಸತಿ ಅಧಿಕಾರಿ ಸಾಹೇಬರ ಹಟ. ಅತ್ತ ತಿಪ್ಪಯ್ಯ ಈಗಿದ್ದ ಗುಡಿಸಲಿನ ಮಾಲೀಕ ಜಾಗ ಬಿಡು ಅಂತ ಕೂತಿದ್ದ.

“ಅಲ್ಲೀತನಕ ಕನಸು ಕಾಣ್ತಿರಯ್ಯ, ಅದಕ್ಕೆ ಬಾಡಿಗೆ ಇಲ್ಲ,” ಎಂದು ಸಾಹೇಬರು ನಕ್ಕರು.

ತಿಪ್ಪಯ್ಯ ಕಂಡೇಬಿಟ್ಟ. ಎಂಥ ಕನಸು ಅಂತೀರಿ! ಬಾಗಿಲಿಗೆ ಮಾವಿನ ತೋರಣ, ಒಲೆಯ ಮೇಲೆ ಉಕ್ಕುವ ಹಾಲು, ಆ ನೊರೆಯಲ್ಲಿ ತೇಲುವ ಎಳೆಬಿಸಿಲು.

ಮರುದಿನ ಇಸ್ತ್ರಿ ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ ಅಕ್ಷತೆ ಕೊಟ್ಟು ಕರೆದ: “ಗೃಹಪ್ರವೇಶಕ್ಕೆ ಬರ್ಬೇಕು ತಾಯಿ. ದಿನ ಮಾತ್ರ ಸಾಹೇಬ್ರನ್ನೇ ಕೇಳಿ.”

ಸಾಹೇಬರನ್ನು ಕ್ಷೌರದವನು ಕೇಳಿದ, ಹಾಲಿನವಳು ಕೇಳಿದಳು. ಪುರೋಹಿತರು ನಡುದಾರಿಯಲ್ಲೇ ಪಂಚಾಂಗ ಬಿಚ್ಚಿದರು. ಕೊನೆಗೆ ಸಾಹೇಬರ ಹೆಂಡತಿಯೂ, “ಯಾವತ್ತು ರೀ? ಸೀರೆ ಇಸ್ತ್ರಿಗೆ ಹಾಕ್ಬೇಕು,” ಎಂದರು.

ಸಾಹೇಬರು ಗಾಡಿಯ ಹತ್ತಿರ ಧಾವಿಸಿದರು. “ಯಾರನ್ನ ಕೇಳಿ ಊರೆಲ್ಲ ಕರೆದ್ಯೋ?”

“ಕನಸಲ್ಲಿ ಎಲ್ಲಾ ಬಂದಿದ್ರು ಸ್ವಾಮಿ. ಕರೀದೆ ಹೆಂಗೆ ಬಂದಾರು? ಬೀಗ ತೆಗೆದ ದೊಡ್ಡೋರು ತಾವೇ!”

ಸಾಹೇಬರ ಕೈ ತಾನಾಗಿ ಕಾಲರಿಗೆ ಹೋಯಿತು. “ಹೌದಾ? ಯಾವ ಕೋಟು ಹಾಕಿದ್ದೆ?”

“ಇಗೋ, ಇಸ್ತ್ರಿಗೆ ಕೊಟ್ಟಿದ್ದೀರಲ್ಲ, ಇದೇ. ಗುರುವಾರಕ್ಕೆ ರೆಡಿ ಮಾಡ್ಲಾ?”

ಗುರುವಾರ ಬೆಳಿಗ್ಗೆ ಸಾಹೇಬರು ಗರಿಗರಿ ಕೋಟಿನಲ್ಲಿ ಬಂದು ಬೀಗ ತೆಗೆದರು. ಹಾಲು ಕನಸಿನಲ್ಲಿ ಕಂಡಂತೆಯೇ ಉಕ್ಕಿತು.