ಪಟದ ಮೇಲಿನ ಗಾಜು

ಸ್ಟುಡಿಯೋದಲ್ಲಿ ಹೊಸದಾಗಿ ಅಚ್ಚಾದ ಪುಟ್ಟ ಹುಡುಗಿಯ ಪಟ, ತನ್ನನ್ನು ಹೆತ್ತ ಗಾಜಿನ ನೆಗೆಟಿವನ್ನು ನೋಡಿ ನಕ್ಕಿತು.

"ಕಪ್ಪು ಮುಖ, ಬಿಳಿ ಕೂದಲು! ನಿನ್ನನ್ನು ಯಾರು ಗೋಡೆಗೆ ಹಾಕುತ್ತಾರೆ, ಮುದುಕಿ?"

"ಯಾರೂ ಹಾಕುವುದು ಬೇಡ, ಮಗಳೇ. ಹುಡುಗಿ ತೀರಿಕೊಂಡಿದ್ದಾಳೆ. ನೀನು ಮಾಸಿದರೆ ಇನ್ನೊಂದು ಪಟ ಅಚ್ಚು ಹಾಕಲು ನಾನಿರಬೇಕು."

ಅಷ್ಟರಲ್ಲಿ ಮಾಲೀಕ ಬಂದ. ಪಟಕ್ಕೆ ಕಟ್ಟು ಹಾಕಲು ಅವನಿಗೆ ಗಾಜು ಬೇಕಿತ್ತು. "ಇದು ಸುಮ್ಮನೆ ಬಿದ್ದಿದೆಯಲ್ಲ," ಎಂದು ನೆಗೆಟಿವನ್ನೇ ಬಿಸಿನೀರಿನಲ್ಲಿ ಅದ್ದಿ, ಅದರ ಮೇಲಿನ ಚಿತ್ರವನ್ನು ಉಜ್ಜಿ ತೆಗೆದು, ತಿಳಿಯಾದ ಗಾಜನ್ನು ಪಟದ ಮೇಲೆ ಕೂರಿಸಿದ.

ಹುಡುಗಿಯ ಮನೆಯ ಗೋಡೆಯ ಮೇಲೆ ಹತ್ತು ವರ್ಷಕ್ಕೆ ಪಟ ಹಳದಿಯಾಗಿ ಅವಳ ಕಣ್ಣು, ಮೂಗು ಅಳಿಸಿಹೋಗತೊಡಗಿದವು.

"ಅವ್ವಾ, ನಾನು ಹೋಗುತ್ತಿದ್ದೇನೆ. ಅವಳ ಮುಖ ನಿನಗೆ ನೆನಪಿದೆಯೇ?"

"ಇಲ್ಲ ಮಗಳೇ," ಎಂದಿತು ಗಾಜು.

ಧೂಳು ಕೂತಿದೆಯೆಂದುಕೊಂಡ ಹುಡುಗಿಯ ತಾಯಿ, ಸೆರಗಿನಿಂದ ಗಾಜನ್ನು ಮತ್ತೆ ಮತ್ತೆ ಒರೆಸಿದಳು.