ಅಪ್ಪೊಲಿನ್ ಬಾಯಿಯ ಹ್ಯಾಮಿಗೆ ಉಪ್ಪು

ಅಪ್ಪೊಲಿನ್ ಬಾಯಿಯ ಕ್ರಿಸ್ಮಸ್ ಹ್ಯಾಮ್ ಎಂದರೆ ಮಂಗಳೂರಿನ ಅವರ ಇಗರ್ಜಿಯ ಸುತ್ತಮುತ್ತ ದೊಡ್ಡ ಹೆಸರು. ಬಾಯಿ ಎಂದರೆ ನಮ್ಮ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಹಬ್ಬದ ಪೂಜೆ ಮುಗಿಸಿ ಮೆಟ್ಟಿಲಿಳಿಯುವ ಗಂಡಸರು ಪಾದ್ರಿಗಳ ಪ್ರವಚನ ಹೇಗಿತ್ತೆಂದು ಮಾತಾಡುವ ಮೊದಲೇ, ಬಾಯಿಯ ಮನೆಯ ಹೊಗೆ ಎತ್ತ ಬೀಸುತ್ತಿದೆ ಎಂದು ಮೂಗರಳಿಸಿ ನೋಡುತ್ತಿದ್ದರು.

ಹ್ಯಾಮ್ ಅಂದರೆ ಎಂತದು ಎಂದು ಕೇಳುವ ಮಕ್ಕಳಿಗೆ ಈಗಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಕಥೆಯ ಮಧ್ಯೆ ಬಾಯಿ ಹಾಕುತ್ತೀರಿ. ಹಂದಿಯ ಇಡೀ ತೊಡೆಗೆ ಉಪ್ಪು, ಬೆಲ್ಲ, ಕರಿಮೆಣಸು ಹಚ್ಚಿ, ಭರಣಿಯೊಳಗೆ ಹಾಕಿ, ಮೇಲೊಂದು ಕಲ್ಲು ಹೇರಿ ವಾರಗಟ್ಟಲೆ ಊರಲು ಬಿಡುವುದು. ಹಬ್ಬ ಹತ್ತಿರ ಬಂದಾಗ ಹೊರಗೆ ತೆಗೆದು ನೀರಿನಲ್ಲಿ ನೆನೆಹಾಕಿ ಉಪ್ಪು ಇಳಿಸುವುದು. ಆಮೇಲೆ ಬೇಯಿಸಿ, ಚರ್ಮ ಸುಲಿದು, ಕೊಬ್ಬಿನ ಮೇಲೆ ಚೌಕ ಚೌಕವಾಗಿ ಗೀರು ಹಾಕಿ, ಚೌಕಕ್ಕೊಂದು ಲವಂಗ ಚುಚ್ಚುವುದು. ಓಲೆಬೆಲ್ಲದ, ಅಂದರೆ ತಾಳೆಬೆಲ್ಲದ, ಪಾಕಕ್ಕೆ ಅನಾನಸಿನ ರಸ ಸೇರಿಸಿ ಮೇಲಿಂದ ಮೇಲೆ ಸವರುತ್ತಾ, ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಸುಡುವುದು. ಕೊನೆಗೆ ಅದು ನಮ್ಮ ಮುಖ ಕಾಣುವಷ್ಟು ಹೊಳೆಯಬೇಕು. ಕೇಳಿಯೇ ಬಾಯಲ್ಲಿ ನೀರು ಬಂತಲ್ಲ? ಇರಿ, ಇರಿ.

ಇದರಲ್ಲಿ ಕಷ್ಟದ ಕೆಲಸ ಬೆಂಕಿಯದ್ದಲ್ಲ, ಬೆಲ್ಲದ್ದೂ ಅಲ್ಲ. ಉಪ್ಪಿಳಿಸುವುದೇ ಕಷ್ಟ. ನೀರು ಬದಲಿಸಿದ್ದು ಕಡಿಮೆಯಾದರೆ ಬಾಯಿಗಿಡಲಾಗದು, ಹೆಚ್ಚಾದರೆ ಸಪ್ಪೆ. ಎಷ್ಟು ಸಲ ಬದಲಿಸಬೇಕು ಎಂಬುದಕ್ಕೆ ಲೆಕ್ಕವೆಂಬುದಿಲ್ಲ. ಮೂಳೆಯ ಹತ್ತಿರದಿಂದ ಒಂದು ಚೂರು ಕೊಯ್ದು, ಬೇಯಿಸಿ, ನಾಲಿಗೆಯ ಮೇಲಿಟ್ಟು ನೋಡಬೇಕು. ಅಪ್ಪೊಲಿನ್ ಬಾಯಿ ಹಾಗೆ ನೋಡಿ "ಸಾಕು" ಎಂದರೆ ಸಾಕು. ಬಿಷಪರು ಬಂದು ಸಾಲದು ಎಂದರೂ ಅವರು ಕೇಳುವವರಲ್ಲ.

ಅವರ ಗಂಡ ಬೊನಿಫಾಸ್ ಪೊರ್ಬುಗಳು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಕಾರ್ಖಾನೆಯಲ್ಲಿ ಅವರು ಕೆಮ್ಮಿದರೆ ಆಳುಗಳು ಬೀಡಿ ಬಿಸಾಡುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಬೇರೆಯೇ ಮನುಷ್ಯ. ಹೆಂಡತಿಯ ಕಣ್ಣಲ್ಲಿ ಒಂದು ಹನಿ ನೀರು ಕಂಡರೆ ಅವರ ಕೈಕಾಲೇ ಆಡುತ್ತಿರಲಿಲ್ಲ. ಅಷ್ಟು ಪ್ರೀತಿ. ಆ ಪ್ರೀತಿಯೇ ಎಡವಟ್ಟಿಗೆ ಕಾರಣವಾಯಿತು ನೋಡಿ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅಪ್ಪೊಲಿನ್ ಬಾಯಿಗೆ ಕೆಟ್ಟ ಜ್ವರ ಬಂದು ಹೋಯಿತು. ಎದ್ದು ಕೂತ ಮೇಲೆ ದಿನದ ಅಡುಗೆಯನ್ನು ಸೊಸೆ ಗ್ರೆಟ್ಟಾಳಿಗೆ ಬಿಟ್ಟುಕೊಟ್ಟರು. ಹಬ್ಬದ ಹ್ಯಾಮ್ ಮಾತ್ರ ನನ್ನದೇ ಎಂದರು. ಆ ಡಿಸೆಂಬರಿನಲ್ಲಿ ಬೇಯಿಸಿದ ಚೂರನ್ನು ಬಸಿಯಲ್ಲಿಟ್ಟುಕೊಂಡು ಗಂಡನ ಹತ್ತಿರ ಬಂದು, ಉಪ್ಪು ಸರಿ ಉಂಟಾ ನೋಡಿ ಎಂದರು. ಮದುವೆಯಾದ ಲಾಗಾಯ್ತಿನಿಂದ ಹೀಗೆ ಕೇಳಿದವರಲ್ಲ. ಪೊರ್ಬುಗಳಿಗೆ ತಲೆಯ ಮೇಲೆ ಕೊಂಬು ಬಂದಷ್ಟು ಖುಷಿ. ಚೂರು ಉಪ್ಪುಪ್ಪಾಗಿತ್ತು, ನಿಜ. ಆದರೆ ಕಾಯಿಲೆಯಿಂದ ಎದ್ದವಳು, ಮೊದಲ ಸಲ ಕೇಳಿದ್ದಾಳೆ, ಅದಕ್ಕೂ ತಪ್ಪು ಹುಡುಕುವುದೇ? ಸರಿ ಉಂಟು ಎಂದುಬಿಟ್ಟರು.

ಹಬ್ಬದ ಊಟಕ್ಕೆ ಕೂತವರಿಗೆ ಎರಡು ಕೂಜೆ ನೀರು ಸಾಲಲಿಲ್ಲ. ಯಾಕೆ ಇಷ್ಟು ನೀರು ಕುಡಿಯುತ್ತೀರಿ ಎಂದು ಬಾಯಿ ಕೇಳಿದರೆ ಮಗ ಹಿಲರಿ, ಸೆಕೆ ಎಂದ. ಮಂಗಳೂರಿನಲ್ಲಿ ಆ ಸುಳ್ಳು ಯಾವ ತಿಂಗಳಲ್ಲೂ ನಡೆಯುತ್ತದೆ. ಉಪ್ಪು ಸರಿ ಉಂಟಾ ಎಂದು ಬಾಯಿ ಒಬ್ಬೊಬ್ಬರನ್ನೂ ಕೇಳಿದರು. ಸೊಸೆ ಸರಿ ಉಂಟು ಎಂದಳು, ಮಗಳು ರೆನಿಟಾ ಭಾರೀ ಲಾಯಿಕ್ ಆಗಿದೆ ಎಂದಳು. ಹೋದ ವರ್ಷವಂತೂ ಕಡಲನ್ನೇ ಕೊಯ್ದು ಬಡಿಸಿದ ಹಾಗಿತ್ತು. ಮನೆಯ ಬೆಕ್ಕು ಒಂದು ಚೂರು ನೆಕ್ಕಿ, ನನ್ನನ್ನು ಕೊಲ್ಲಲು ನೋಡಿದಿರಾ ಎಂಬಂತೆ ಮುಖ ಮಾಡಿ, ಬಾವಿಕಟ್ಟೆಯ ಕಡೆಗೆ ಓಡಿತು. ಮನುಷ್ಯರು ಓಡಲಿಲ್ಲ. ಕೂತು ತಿಂದರು. ತಿಂದು, ಸರಿ ಉಂಟು ಎಂದರು. ವಯಸ್ಸಾಯಿತು, ಅವಳ ಕೈ ತಪ್ಪುತ್ತಿದೆ, ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ಪೊರ್ಬುಗಳು ಒಳಗೊಳಗೇ ನೊಂದುಕೊಂಡರು.

ಈ ವರ್ಷ ಸಂಗತಿ ಬೇರೆ. ರೆನಿಟಾಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನೂ ಅವನ ತಾಯಿ ನತಾಲಿಯಾ ಬಾಯಿಯೂ ಕಲ್ಯಾಣಪುರದಿಂದ ಹಬ್ಬದ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ನತಾಲಿಯಾ ಬಾಯಿಯದು ಕಡ್ಡಿ ಮುರಿದ ಹಾಗೆ ಮಾತು ಎಂದು ಕೇಳಿಬಂದಿತ್ತು. ಊಟ ರುಚಿಸದಿದ್ದರೆ ಮದುವೆ ಮುರಿದುಬೀಳುತ್ತದೆ ಎಂದೇನಲ್ಲ. ಪೊರ್ಬುಗಳ ಚಿಂತೆ ಅದಲ್ಲವೇ ಅಲ್ಲ. ಹೊರಗಿನವರ ಎದುರು, ಅವಳದೇ ಮೇಜಿನಲ್ಲಿ, ಅಪ್ಪೊಲಿನ್ ತಲೆ ತಗ್ಗಿಸುವ ಹಾಗೆ ಆಗಬಾರದು.

ಬಾಯಿ ಅಂಗಡಿಗೆ ಹೋದ ಹೊತ್ತು ನೋಡಿ ಮನೆಯವರೆಲ್ಲ ಹಿತ್ತಲಲ್ಲಿ ಸೇರಿದರು. ಯಾರಾದರೂ ಹೇಳಲೇಬೇಕು ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಬೆಕ್ಕಿಗೆ ಗಂಟೆ ಕಟ್ಟುವುದು ಯಾರು? ಸೊಸೆ ಹೇಳಿದರೆ ಸೊಸೆ ಹೇಳಿದಳು ಎಂದಾಗುತ್ತದೆ, ಮಕ್ಕಳು ಹೇಳಿದರೆ ಮಕ್ಕಳೂ ಎದುರಾಡಿದರು ಎಂದಾಗುತ್ತದೆ. ಕೊನೆಗೆ ಎಲ್ಲರ ಕಣ್ಣೂ ಪೊರ್ಬುಗಳ ಮೇಲೆ ಬಿತ್ತು. ಆಗಲಿ, ನಾನೇ ಹೇಳುತ್ತೇನೆ ಎಂದು ಅವರು ಎದೆಯುಬ್ಬಿಸಿ ಒಪ್ಪಿದರು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತರು. ಬಾಯಿ ಭರಣಿಯೊಳಗಿನ ತೊಡೆಯನ್ನು ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುವ ಹಾಗೆ ಮೆಲ್ಲಗೆ ತಿರುಗಿಸಿಡುತ್ತಿದ್ದರು. ಗಂಡನನ್ನು ಕಂಡು, ಇಷ್ಟು ಒಳ್ಳೆಯ ತೊಡೆ ಈಚೆಗೆ ಸಿಕ್ಕಿರಲಿಲ್ಲ, ರೆನಿಟಾಳ ಅದೃಷ್ಟ ಎಂದು ನಕ್ಕರು. ಪೊರ್ಬುಗಳು ಕಟ್ಟಿಕೊಂಡು ಹೋದ ಮಾತನ್ನು ಅಲ್ಲೇ ಬಿಟ್ಟರು. ಅನಾನಸು ಒಂದು ಸಾಕಾ, ಎರಡು ತರಬೇಕಾ ಎಂದು ಕೇಳಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸಾದರು.

ಹಬ್ಬದ ಹಿಂದಿನ ದಿನ ಬಾಯಿ ತೊಡೆಯನ್ನು ನೀರಿಗೆ ಹಾಕಿದರು. ಮಧ್ಯಾಹ್ನ ಅವರು ಒಂದು ಗಳಿಗೆ ಮಲಗಿದ್ದೇ ತಡ, ಪೊರ್ಬುಗಳು ಕಳ್ಳನ ಹಾಗೆ ಒಳಗೆ ನುಗ್ಗಿ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿಸಿದರು. ಮಾತಿನಲ್ಲಿ ಹೇಳಲಾಗದ್ದನ್ನು ಕೈಯಿಂದ ಸರಿ ಮಾಡಿದೆನೆಂದು ಅವರಿಗೆ ಸಮಾಧಾನವೂ ಆಯಿತು. ಅವರಿಗೆ ಗೊತ್ತಿಲ್ಲದ್ದನ್ನು ನಿಮಗೆ ಹೇಳುತ್ತೇನೆ. ಬೆಳಿಗ್ಗೆ ಗ್ರೆಟ್ಟಾ ಒಮ್ಮೆ ನೀರು ಬದಲಿಸಿದ್ದಳು. ಅವಳ ಬೆನ್ನಿಗೇ ಹಿಲರಿ ಬಂದು ಬಿಸಿನೀರೇ ಸುರಿದಿದ್ದ. ಪೊರ್ಬುಗಳು ಆಚೆ ಹೋದ ಮೇಲೆ ರೆನಿಟಾ ಬಂದು ಇನ್ನೊಮ್ಮೆ ಬದಲಿಸಿ, ಉಪ್ಪು ಹೀರಲಿ ಎಂದು ಆಲೂಗಡ್ಡೆಯನ್ನೂ ಹಾಕಿ ತೆಗೆದಳು. ಇವುಗಳ ನಡುವೆ ಬಾಯಿ ತಾವು ಬದಲಿಸುವುದನ್ನೂ ಬದಲಿಸಿದ್ದರು. ಪಾಪ ಆ ತೊಡೆ, ಜೀವವಿರುವಾಗಲೂ ಅಷ್ಟು ಸ್ನಾನ ಕಂಡಿರಲಿಕ್ಕಿಲ್ಲ.

ಸಂಜೆ ಬಾಯಿ ಚೂರು ಬೇಯಿಸಿ ತಂದು ಗಂಡನ ಮುಂದೆ ಹಿಡಿದರು. ಉಪ್ಪು ಸರಿ ಉಂಟಾ?

ಪೊರ್ಬುಗಳು ಬಾಯಿಗೆ ಹಾಕಿಕೊಂಡರು. ಉಪ್ಪೂ ಇಲ್ಲ, ಉಪ್ಪಿನ ವಾಸನೆಯೂ ಇಲ್ಲ. ಬರೀ ಸಪ್ಪೆ. ಅವರು ಕಕ್ಕಾಬಿಕ್ಕಿಯಾದರು. ಹೇಳಿದರೆ ಉಪ್ಪುನೀರಿಗೆ ವಾಪಸ್ ಹಾಕಿ ಸರಿಮಾಡಲು ಇನ್ನೂ ಹೊತ್ತಿತ್ತು. ಆದರೆ ಹೇಳಿದರೆ ಇವಳು ಮತ್ತೆ ಬೊಗಸೆ ಬೊಗಸೆ ಸುರಿದರೆ? ಉಪ್ಪು ಹೆಚ್ಚಾಗುವುದಕ್ಕಿಂತ ಕಡಿಮೆಯಾಗುವುದೇ ಲೇಸಲ್ಲವೇ? ಹೆಂಡತಿ ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು. ಎರಡು ವರ್ಷದ ಅಭ್ಯಾಸ ಬೇರೆ. ಸರಿ ಉಂಟು ಎಂಬ ಮಾತು ತಾನಾಗಿಯೇ ಹೊರಗೆ ಬಂತು.

ಹಬ್ಬದ ಮಧ್ಯಾಹ್ನ ಹ್ಯಾಮ್ ಮೇಜಿಗೆ ಬಂದಾಗ ಎಲ್ಲರೂ ಕತ್ತು ಚಾಚಿ ನೋಡಿದರು. ಅಷ್ಟು ಚೆಂದ ಹೊಳೆಯುತ್ತಿತ್ತು. ಬಾಯಿ ತೆಳುವಾಗಿ ಕೊಯ್ದು ಮೊದಲು ಬೀಗಿತ್ತಿ ನತಾಲಿಯಾ ಬಾಯಿಗೆ ಬಡಿಸಿದರು, ಆಮೇಲೆ ಹುಡುಗನಿಗೂ ಉಳಿದವರಿಗೂ. ತಾವು ಕೂರದೆ ನಿಂತುಕೊಂಡೇ, ಉಪ್ಪು ಸರಿ ಉಂಟಾ ಎಂದು ಕೇಳಿದರು. ಸರಿ ಉಂಟು ಎಂದ ಹಿಲರಿ. ಸರಿ ಉಂಟು ಮಾಮಿ ಎಂದಳು ಗ್ರೆಟ್ಟಾ. ರೆನಿಟಾ ತಟ್ಟೆ ನೋಡುತ್ತಾ ತಲೆಯಾಡಿಸಿದಳು. ಮೂವರ ಕಣ್ಣೂ ಒಬ್ಬರಿಂದೊಬ್ಬರಿಗೆ ಓಡಾಡುವುದನ್ನು ಕಂಡು, ನೀರು ಬದಲಿಸಿದ ಕಳ್ಳ ತಾನೊಬ್ಬನೇ ಅಲ್ಲವೆಂದು ಪೊರ್ಬುಗಳಿಗೆ ಗೊತ್ತಾಯಿತು.

ನತಾಲಿಯಾ ಬಾಯಿ ಎರಡನೆಯ ತುತ್ತು ನಿಧಾನವಾಗಿ ಅಗಿದು ನುಂಗಿದರು.

"ಬಾಯಿ, ಮಾಂಸ ಬೆಣ್ಣೆಯ ಹಾಗೆ ಬೆಂದಿದೆ. ಪಾಕ ಇಷ್ಟು ಚೆಂದ ಹಿಡಿದದ್ದನ್ನು ನಾನು ನೋಡಿಲ್ಲ. ಉಪ್ಪು ಮಾತ್ರ ಬಿದ್ದೇ ಇಲ್ಲ. ಒಂಚೂರು ಉಪ್ಪು ಕೊಡ್ತೀರಾ?"

ಅಪ್ಪೊಲಿನ್ ಬಾಯಿ ಒಂದು ಕ್ಷಣ ಬೀಗಿತ್ತಿಯನ್ನು ನೋಡಿದರು, ಆಮೇಲೆ ಗಂಡನನ್ನು. ಈಗಲೇ ತರುತ್ತೇನೆ ಎಂದು ಅಡುಗೆಮನೆಗೆ ನಡೆದರು. ಪೊರ್ಬುಗಳು ಕುರ್ಚಿ ಸರಿಸಿ ಹಿಂದೆಯೇ ಹೋದರು.

ಬಾಯಿ ಉಪ್ಪಿನ ಡಬ್ಬಿ ಹಿಡಿದು ಒಲೆಯ ಹತ್ತಿರ ನಿಂತಿದ್ದರು. ಅಳುತ್ತಿರಲಿಲ್ಲ. ಅತ್ತಿದ್ದರೆ ಪೊರ್ಬುಗಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಿನ್ನೆ ನಿಮಗೆ ಗೊತ್ತಾಗಿತ್ತಾ?" ಎಂದು ಕೇಳಿದರು.

ಪೊರ್ಬುಗಳು ತಲೆ ತಗ್ಗಿಸಿದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನಿನ್ನೆಯದ್ದನ್ನೂ ಹೇಳಿದರು, ಹೋದ ವರ್ಷದ್ದನ್ನೂ ಅದರ ಹಿಂದಿನದ್ದನ್ನೂ ಹೇಳಿದರು. ನಿನಗೆ ಬೇಜಾರಾಗುತ್ತದೆಂದು ಸುಮ್ಮನಿದ್ದೆ ಎಂದರು.

"ಆ ಜ್ವರ ಬಿಟ್ಟಂದಿನಿಂದ ನನ್ನ ನಾಲಿಗೆಗೆ ರುಚಿ ಎಂಬುದೇ ಇಲ್ಲ," ಎಂದರು ಬಾಯಿ. "ಸಕ್ಕರೆಯೂ ಒಂದೇ, ಬೂದಿಯೂ ಒಂದೇ. ಹೇಳಿದರೆ ಹ್ಯಾಮ್ ಮಾಡಲಿಕ್ಕೂ ಬಿಡಲಿಕ್ಕಿಲ್ಲ ಎಂದು ನಾನೂ ಮುಚ್ಚಿಟ್ಟೆ, ಅದು ನನ್ನ ತಪ್ಪು. ಆದರೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ನನ್ನ ನಾಲಿಗೆ ಹೋದರೆ ಹೋಯಿತು, ನಿಮ್ಮದು ಉಂಟಲ್ಲ ಎಂದುಕೊಂಡಿದ್ದೆ. ಅದಕ್ಕೇ ನಿಮ್ಮನ್ನು ಕೇಳಿ ಕೇಳಿ ಮಾಡುತ್ತಿದ್ದೆ."

ಇವಳು ಹೊಗಳಿಕೆ ಕೇಳುತ್ತಿದ್ದಾಳೆ ಎಂದು ಪೊರ್ಬುಗಳು ತಿಳಿದುಕೊಂಡಿದ್ದರು. ಇವಳು ಕೈಚಾಚಿ ಆಸರೆ ಕೇಳುತ್ತಿದ್ದಳು. ಎರಡು ವರ್ಷ ಆ ಕೈಗೆ ತಾನು ಸಿಕ್ಕಲೇ ಇಲ್ಲ. ಅವರು ಅಲ್ಲೇ ನಿಂತು ಅತ್ತುಬಿಟ್ಟರು. ಹೆಂಡತಿ ಸೆರಗಿನಿಂದ ಅವರ ಮುಖ ಒರೆಸಿ, ಹೊರಗೆ ಜನ ಕಾಯುತ್ತಿದ್ದಾರೆ, ಸಾಕು ಮಾಡಿ ಎಂದರು.

ಆಮೇಲೆ ಬಾಯಿ ಹ್ಯಾಮ್ ಬೇಯಿಸಿದ ರಸವನ್ನು ಸಣ್ಣ ಪಾತ್ರೆಗೆ ಬಗ್ಗಿಸಿ ಒಲೆಯ ಮೇಲಿಟ್ಟರು. ಅದಕ್ಕೆ ಉಪ್ಪು ಹಾಕಿ ಮಾಂಸದ ಮೇಲೆ ಸುರಿದರೆ ಊಟ ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಒಂದು ಚಿಟಿಕೆ ಹಾಕಿ, ಸೌಟಿನಲ್ಲಿ ಒಂದಿಷ್ಟು ಗಂಡನ ಮುಂದೆ ಹಿಡಿದರು. ಪೊರ್ಬುಗಳು ಸವಿದು, ಸಾಲದು ಎಂದರು. ಇನ್ನೊಂದು ಚಿಟಿಕೆ ಬಿತ್ತು. ಈಗಲೂ ಸಾಲದು ಎಂದರು. ಬಾಯಿಯ ಕೈ ಈ ಸಲ ಸ್ವಲ್ಪ ಧಾರಾಳವಾಯಿತು. ಪೊರ್ಬುಗಳು ಸೌಟಿಗೆ ಬಾಯಿಟ್ಟರು. ಹೆಂಡತಿಯ ಮುಖ ನೋಡಿದರು. ಸರಿ ಉಂಟು ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಹೆಚ್ಚಾಯಿತು, ಅಪ್ಪೊಲಿನ್."

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕೈ ತಪ್ಪಿದ ಕ್ಷಣದಲ್ಲೇ ಅವರು ಹೇಳಿದ್ದು ಅದೇ ಮೊದಲು. ಅದನ್ನು ಕೇಳಿ ಅಪ್ಪೊಲಿನ್ ಬಾಯಿಯ ಮುಖ ಜ್ವರ ಬಿಟ್ಟಂದಿನಿಂದ ಅರಳದಷ್ಟು ಅರಳಿತು. ನಗುತ್ತಾ ನೀರಿನ ಚೊಂಬಿಗೆ ಕೈ ಚಾಚಿದರು.

ನೀತಿ: ನಂಬಿ ಕೇಳಿದವರಿಗೆ ಬೇಕಾದದ್ದು ನಮ್ಮ ಹೊಗಳಿಕೆಯಲ್ಲ, ನಮ್ಮ ನಿಜ. ನೋಯಿಸಬಾರದೆಂದು ಹೇಳುವ ಸುಳ್ಳು ಅವರನ್ನು ಒಂಟಿಯಾಗಿ ಬಿಡುತ್ತದೆ. ಪ್ರೀತಿ ಇದ್ದರೆ ಕೊರತೆಯನ್ನು ಹೇಳಿ. ಹೇಳಿ ಹೊರಟುಹೋಗಬೇಡಿ, ಸರಿಯಾಗುವ ತನಕ ಜೊತೆಗೇ ನಿಲ್ಲಿ.